ಹಟವೋ, ನೋವೋ: ಕುದುರೆಯ ಸಂಕಟ ಗುರುತಿಸುವ ಬಗೆ

ಕುದುರೆ ನೋವನ್ನು ಮುಚ್ಚಿಟ್ಟುಕೊಳ್ಳುವ ಪ್ರಾಣಿ. ಬಯಲಲ್ಲಿ ಹಿಂಡಾಗಿ ಮೇದು, ಬೇಟೆಯ ಮೃಗಗಳಿಂದ ಓಡಿ ಪಾರಾಗುತ್ತಲೇ ಉಳಿದುಬಂದ ಕುಲ ಅದು. ಹಿಂಡಿನಲ್ಲಿ ಕುಂಟುವುದು, ನರಳುವುದು, ಹಿಂದೆ ಬೀಳುವುದು ಎಂದರೆ ತೋಳಕ್ಕೆ ತಾನೇ ಗುರುತು ಕೊಟ್ಟ ಹಾಗೆ. ಹೀಗಾಗಿ ಕುದುರೆ ನಾಯಿಯ ಹಾಗೆ ಕುಂಯ್‌ಗುಟ್ಟುವುದಿಲ್ಲ, ಆಕಳ ಹಾಗೆ ಒರಲುವುದಿಲ್ಲ. ಅದರ ನೋವು ಕಿವಿ, ಕಣ್ಣು, ಮೂಗಿನ ಹೊಳ್ಳೆ, ತುಟಿ ಮತ್ತು ನಿಲ್ಲುವ ಭಂಗಿಯ ಸಣ್ಣ ವ್ಯತ್ಯಾಸಗಳಲ್ಲಿ ಹೊರಗೆ ಕಾಣುತ್ತದೆ. ದೂರದಿಂದಲೇ ಎದ್ದು ಕಾಣುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಕುದುರೆ ಈಗ ಅಪರೂಪ. 1705ರಲ್ಲಿ ಔರಂಗಜೇಬ ಸುರಪುರ ನಾಯಕರ ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಿದ ಕಾಲಕ್ಕೆ ಕುದುರೆ ಎಂದರೆ ರಾಜ್ಯದ ಬಲ. ಇಂದು ಕಣ್ಣಿಗೆ ಬೀಳುವುದು ಮುಖ್ಯವಾಗಿ ಎರಡು ಬಗೆ: ಕುರಿ ಹಿಂಡಿನ ಸಂಗಡ ಊರೂರು ತಿರುಗುವ ಕುರಿಗಾರರ ಹೇರು ತಟ್ಟು, ಮತ್ತು ಮದುವೆ, ಜಾತ್ರೆ, ಉರುಸಿನ ಮೆರವಣಿಗೆಗೆ ಬಾಡಿಗೆಗೆ ಬರುವ ಅಲಂಕಾರದ ಕುದುರೆ. ಆಟೊರಿಕ್ಷಾ ಬಂದ ಮೇಲೆ ಟಾಂಗಾಗಳ ಕಾಲ ಮುಗಿದಂತೆಯೇ. ಕುದುರೆ ಕಡಿಮೆಯಾದಂತೆ ಕುದುರೆ ಬಲ್ಲವರೂ ಕಡಿಮೆಯಾದರು. ಎತ್ತನ್ನು ನೋಡಿ ಪಳಗಿದ ಕಣ್ಣು ಕುದುರೆಯ ವಿಷಯದಲ್ಲಿ ಮೋಸಹೋಗುತ್ತದೆ. ಹೆಜ್ಜೆ ಕೀಳದಿದ್ದರೆ ಹಟ, ತಲೆ ಕೊಡವಿದರೆ ಸೊಕ್ಕು, ನೊರೆ ಕಾರಿದರೆ ಹುರುಪು ಎಂಬ ತೀರ್ಮಾನಗಳು ಹೀಗೆ ಹುಟ್ಟಿಕೊಂಡವು. ಬಹುಪಾಲು ಸಂದರ್ಭಗಳಲ್ಲಿ ಅದು ಹಟವಲ್ಲ. ನೋವು, ಹೆದರಿಕೆ ಅಥವಾ ಬಿಸಿಲು.

ಮೊದಲು ನೆಮ್ಮದಿಯ ಕುದುರೆಯನ್ನು ನೋಡಿಟ್ಟುಕೊಳ್ಳುವುದು

ಲಕ್ಷಣ ಎಂದರೆ ವ್ಯತ್ಯಾಸ. ಯಾವುದರಿಂದ ವ್ಯತ್ಯಾಸ ಎಂಬುದು ಗೊತ್ತಿಲ್ಲದಿದ್ದರೆ ಯಾವ ಪಟ್ಟಿಯೂ ಉಪಯೋಗಕ್ಕೆ ಬಾರದು. ಆದ್ದರಿಂದ ಆರೋಗ್ಯವಾಗಿರುವಾಗಲೇ, ಬೆಳಗಿನ ತಂಪು ಹೊತ್ತಿನಲ್ಲಿ, ಹೇರು ಏರಿಸುವ ಮುನ್ನ ಕುದುರೆಯನ್ನು ಹತ್ತು ಹೆಜ್ಜೆ ದೂರದಿಂದ ನೋಡಬೇಕು. ದೂರ ಬೇಕಾಗುವುದಕ್ಕೆ ಕಾರಣವಿದೆ: ಮನುಷ್ಯ ಹತ್ತಿರ ಬಂದೊಡನೆ ಕುದುರೆ ಕಿವಿ ನೆಟ್ಟಗೆ ಮಾಡಿ ಎಚ್ಚೆತ್ತು ನಿಲ್ಲುತ್ತದೆ, ಮುಖದ ಮೇಲಿನ ನೋವು ಆ ಕ್ಷಣಕ್ಕೆ ಮರೆಯಾಗುತ್ತದೆ. ಒಂದೆರಡು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟುಕೊಂಡರೆ ಮುಂದೆ ಹೋಲಿಸಿ ನೋಡಲು ಬರುತ್ತದೆ.

ನೆಮ್ಮದಿಯಲ್ಲಿರುವ ಕುದುರೆಯ ಕೆಳತುಟಿ ಸಡಿಲವಾಗಿ ಜೋತಿರುತ್ತದೆ. ಕಿವಿಗಳು ಒಂದೊಂದೂ ತನ್ನ ಪಾಡಿಗೆ ಸದ್ದು ಬಂದ ಕಡೆ ತಿರುಗುತ್ತಿರುತ್ತವೆ. ಹೊಳ್ಳೆ ಮೃದುವಾಗಿ, ಹನಿಯಾಕಾರದಲ್ಲಿರುತ್ತದೆ. ಒಂದು ಹಿಂಗಾಲನ್ನು ಮಡಿಸಿ ಗೊರಸಿನ ತುದಿಯ ಮೇಲೆ ಇಟ್ಟು ತೂಕಡಿಸುವುದು ಸಹಜ. ಆಗಾಗ ಕಾಲು ಬದಲಿಸುತ್ತದೆ. ಮುಂಗಾಲಿಗೆ ವಿಶ್ರಾಂತಿ ಕೊಡುವುದು ಮಾತ್ರ ಸಹಜವಲ್ಲ. ಒಂದು ಮುಂಗಾಲನ್ನು ಮುಂದೆ ಚಾಚಿ ಭಾರ ತಪ್ಪಿಸಿ ನಿಂತಿದೆ ಎಂದರೆ ಆ ಕಾಲಿನಲ್ಲಿ ನೋವಿದೆ ಎಂದೇ ಲೆಕ್ಕ.

ಇದರ ಜೊತೆಗೆ ನಾಲ್ಕು ಅಳತೆಗಳು ಗೊತ್ತಿರಬೇಕು.

1. ನಾಡಿ: ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44. ಸಣ್ಣ ತಟ್ಟುಗಳಲ್ಲಿ ತುಸು ಹೆಚ್ಚು, ಮರಿಗಳಲ್ಲಿ ಇನ್ನೂ ಹೆಚ್ಚು. ಕೆಳದವಡೆಯ ಎಲುಬಿನ ಅಂಚಿನಲ್ಲಿ, ಕೆನ್ನೆಯ ದಪ್ಪ ಸ್ನಾಯುವಿನ ಮುಂದುಗಡೆ, ಎರಡು ಬೆರಳಿಟ್ಟು ಮೆಲ್ಲಗೆ ಸರಿಸಿದರೆ ಹುರಿಯಂಥ ರಕ್ತನಾಳ ಬೆರಳಡಿ ಜಾರುತ್ತದೆ. ಅದನ್ನು ಎಲುಬಿಗೆ ಒತ್ತಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ಹೆಬ್ಬೆರಳು ಬೇಡ, ಎಣಿಸುವವನ ನಾಡಿಯೇ ಎಣಿಕೆಗೆ ಸೇರಿಬಿಡುತ್ತದೆ.

2. ಉಸಿರು: ನಿಮಿಷಕ್ಕೆ 8ರಿಂದ 16. ಪಕ್ಕೆಯ ಏರಿಳಿತ ನೋಡಿ ಎಣಿಸಬೇಕು. ಹೊಳ್ಳೆಯ ಹತ್ತಿರ ಕೈ ಒಡ್ಡಿದರೆ ಕುದುರೆ ಮೂಸಿ ನೋಡತೊಡಗುತ್ತದೆ, ಲೆಕ್ಕ ತಪ್ಪುತ್ತದೆ.

3. ಮೈಶಾಖ: ಗುದದ್ವಾರದಲ್ಲಿ ಅಳೆದಾಗ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್. ಔಷಧ ಅಂಗಡಿಯಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ಸಾಕು. ಅದರ ಹಿಂಬದಿಗೆ ದಾರ ಕಟ್ಟಿ ಹಿಡಿದುಕೊಂಡಿರಬೇಕು. ಅಳೆಯುವವರು ಪಕ್ಕಕ್ಕೆ, ಮೈಗೆ ಅಂಟಿಕೊಂಡು ನಿಲ್ಲಬೇಕು, ಹಿಂದೆ ಅಲ್ಲ.

4. ಒಸಡು: ಮೇಲ್ತುಟಿ ಎತ್ತಿ ಹಲ್ಲಿನ ಮೇಲಿನ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಗುರುತು ಎರಡು ಸೆಕೆಂಡಿನೊಳಗೆ ಮತ್ತೆ ನಸುಗೆಂಪಾಗಬೇಕು. ಒಸಡು ಒದ್ದೆಯಾಗಿ ಜಾರುವಂತಿರಬೇಕು. ಬೆರಳಿಗೆ ಅಂಟಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಇಟ್ಟಿಗೆ ಕೆಂಪು, ನೀಲಿ ಅಥವಾ ಬಿಳಿಚಿದ ಒಸಡು ಅಪಾಯದ ಸೂಚನೆ.

ಮುಖದ ಮೇಲೆ ಮೂಡುವ ನೋವು

ಕುದುರೆಯ ಮುಖದಿಂದ ನೋವನ್ನು ಅಳೆಯಲು ಒಂದು ಪ್ರಮಾಣ ಪಟ್ಟಿಯೇ ಇದೆ. ಬೀಜ ತೆಗೆಸುವ ಶಸ್ತ್ರಕ್ರಿಯೆಗೆ ಒಳಗಾದ ಗಂಡು ಕುದುರೆಗಳ ಮುಖಗಳನ್ನು ಹೋಲಿಸಿ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪಟ್ಟಿ ಅದು. ಅದರಲ್ಲಿ ಆರು ಅಂಶಗಳಿವೆ: ಬಿಗಿದು ಹಿಂದಕ್ಕೆ ತಿರುಗಿದ ಕಿವಿಗಳು, ಅರೆ ಮುಚ್ಚಿದ, ಬಿಗಿದ ಕಣ್ಣು, ಕಣ್ಣಿನ ಮೇಲಿನ ಎಲುಬು ಎದ್ದು ಕಾಣುವಷ್ಟು ಸೆಳೆದ ಚರ್ಮ, ಮೇವು ಇಲ್ಲದಿದ್ದರೂ ಉಬ್ಬಿ ನಿಂತ ದವಡೆ ಸ್ನಾಯು, ಬಿಗಿದ ಬಾಯಿ ಮತ್ತು ಅದರಿಂದ ಮುಂದೆ ಚಾಚಿದಂತೆ ಕಾಣುವ ಗದ್ದ, ಹಿಗ್ಗಿ ಬಿಗಿಯಾದ ಹೊಳ್ಳೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಅಂಕ ಕೊಡುವುದು ವೈದ್ಯರ ಕೆಲಸವೆಂದರೂ, ನೋಡುವ ಕ್ರಮ ಯಾರಿಗಾದರೂ ಒಗ್ಗುತ್ತದೆ: ಕಿವಿಯಿಂದ ಶುರುಮಾಡಿ ಕೆಳಗೆ ಹೊಳ್ಳೆಯವರೆಗೆ ಬರುವುದು.

ಕಿವಿಯ ವಿಷಯದಲ್ಲಿ ಗೊಂದಲ ಹೆಚ್ಚು. ಸಿಟ್ಟು ಬಂದಾಗ ಕುದುರೆ ಕಿವಿಗಳನ್ನು ಕುತ್ತಿಗೆಗೆ ಚಪ್ಪಟೆಯಾಗಿ ಒತ್ತಿ, ಸಿಟ್ಟು ತರಿಸಿದವರ ಕಡೆ ಮುಖ ಮಾಡುತ್ತದೆ. ಕಾರಣ ದೂರವಾದೊಡನೆ ಕಿವಿ ಸಡಿಲವಾಗುತ್ತದೆ. ನೋವಿನ ಕಿವಿ ಚಪ್ಪಟೆಯಾಗಿರುವುದಿಲ್ಲ. ಎರಡೂ ಬೇರೆ ಬೇರೆ ದಿಕ್ಕಿಗೆ ಸರಿದು ನಡುವಿನ ಅಂತರ ಅಗಲವಾಗಿ, ಬಹಳ ಹೊತ್ತು ಹಾಗೇ ಇರುತ್ತದೆ. ಅಕ್ಕಪಕ್ಕ ಸದ್ದಾದರೂ ತಿರುಗುವುದಿಲ್ಲ. ಬಿಸಿಲಿಗೆ ಕಣ್ಣು ಕಿರಿದಾಗಿರಬಹುದು, ನೊಣದ ಕಾಟಕ್ಕೆ ಮುಖ ಬಿಗಿದಿರಬಹುದು. ಹಾಗಾಗಿ ಒಂದೇ ಗುರುತು ಹಿಡಿದು ತೀರ್ಮಾನಿಸುವಂತಿಲ್ಲ. ಎರಡು ಮೂರು ಒಟ್ಟಿಗೆ, ನೆರಳಿನಲ್ಲೂ ಮುಂದುವರಿದರೆ ಅದನ್ನು ನೋವೆಂದೇ ತಿಳಿಯಬೇಕು.

ಸವಾರಿಯಲ್ಲಿರುವ ಕುದುರೆಗೆ ಬೇರೆ ಪಟ್ಟಿಯಿದೆ. ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ ಮತ್ತು ಸಂಗಡಿಗರು 24 ವರ್ತನೆಗಳನ್ನು ಗುರುತಿಸಿದ್ದಾರೆ: ಬಾಲ ಪದೇ ಪದೇ ಬೀಸುವುದು, ಬಾಯಿ ತೆರೆದೇ ಇರುವುದು, ತಲೆ ಒಂದೇ ಪಕ್ಕಕ್ಕೆ ಓರೆಯಾಗುವುದು, ಮುಗ್ಗರಿಸುವುದು, ಮುಂದೆ ಹೋಗಲು ಒಪ್ಪದಿರುವುದು ಮುಂತಾದವು. ಎಂಟು ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಮೂಳೆ, ಕೀಲು, ಸ್ನಾಯುಗಳಲ್ಲಿ ಎಲ್ಲೋ ನೋವಿರುವ ಸಾಧ್ಯತೆ ಬಲವಾಗಿದೆ. ಈ ಪಟ್ಟಿಯ ಬಹುಪಾಲು ಅಂಶಗಳನ್ನು ಸವಾರರು ಹಟವೆಂದೇ ಕರೆಯುತ್ತ ಬಂದಿದ್ದಾರೆ.

ಬಿಸಿಲು

ಯಾದಗಿರಿ ಜಿಲ್ಲೆಯಲ್ಲಿ ಕುದುರೆಗೆ ಮೊದಲ ಶತ್ರು ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ಶಾಖ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಎರೆ ನೆಲ, ಶಹಾಪುರದ ಬಂಡೆಗುಡ್ಡಗಳು ಸಂಜೆಯವರೆಗೂ ಕಾವು ಉಗುಳುತ್ತವೆ. ಮದುವೆಯ ಮುಹೂರ್ತಗಳೂ ಈ ತಿಂಗಳುಗಳಲ್ಲೇ ಹೆಚ್ಚು.

ಕುದುರೆ ಮನುಷ್ಯನ ಹಾಗೆ ಮೈತುಂಬ ಬೆವರಿ ತಂಪಾಗುವ ಪ್ರಾಣಿ. ಬಿಸಿಲಲ್ಲಿ ಕಠಿಣ ಕೆಲಸ ಮಾಡುವಾಗ ದೊಡ್ಡ ಕುದುರೆ ತಾಸಿಗೆ 10ರಿಂದ 15 ಲೀಟರ್ ಬೆವರು ಕಳೆದುಕೊಳ್ಳಬಲ್ಲದು. ಆ ಬೆವರಿನಲ್ಲಿ ಲ್ಯಾಥರಿನ್ ಎಂಬ ಪ್ರೋಟೀನ್ ಇದೆ. ದಟ್ಟ ಕೂದಲಿನ ನಡುವೆಯೂ ಬೆವರು ಹರಡಿ ಆರುವಂತೆ ಮಾಡುವುದು ಅದರ ಕೆಲಸ. ಜೀನಿನ ಅಂಚಿನಲ್ಲಿ, ತೊಡೆಸಂದಿಯಲ್ಲಿ ಸಾಬೂನಿನಂಥ ನೊರೆ ಕಟ್ಟುವುದು ಅದರಿಂದಲೇ. ಬೆವರಿನ ಜೊತೆ ಉಪ್ಪೂ ಹೇರಳವಾಗಿ ಹೋಗುತ್ತದೆ. ನೀರು ಉಪ್ಪು ಎರಡೂ ಒಟ್ಟಿಗೆ ಹೋದಾಗ ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರುವುದಿಲ್ಲ. ಏರದಿದ್ದರೆ ಬಾಯಾರಿಕೆಯೂ ಆಗುವುದಿಲ್ಲ. ಬಸವಳಿದ ಕುದುರೆ ಬಕೆಟ್ ಮುಂದಿಟ್ಟರೂ ಕುಡಿಯದೆ ನಿಲ್ಲುವ ವಿಚಿತ್ರಕ್ಕೆ ಇದೇ ಕಾರಣ. ಕುಡಿಯಲಿಲ್ಲ ಎಂದರೆ ನೀರು ಬೇಡವೆಂದು ಅರ್ಥವಲ್ಲ.

ಬಿಸಿಲ ಹೊಡೆತದ ಮೊದಲ ಗುರುತುಗಳು ಇವು: ಕೆಲಸ ನಿಲ್ಲಿಸಿ ಹತ್ತು ಹದಿನೈದು ನಿಮಿಷವಾದರೂ ನಾಡಿ 60ರ ಕೆಳಗೆ ಇಳಿಯದಿರುವುದು, ಹೊಳ್ಳೆ ಅಗಲಿಸಿ ಮೇಲುಸಿರು ಬಿಡುವುದು, ತಲೆ ಕೆಳಗಿಳಿಸಿ ಮಂಕಾಗುವುದು, ಒಸಡು ಅಂಟುವುದು. ಉಸಿರಿನ ಎಣಿಕೆ ನಾಡಿಯ ಎಣಿಕೆಯನ್ನೂ ಮೀರಿದರೆ ಮೈಯ ಕಾವು ಹೊರಹೋಗುತ್ತಿಲ್ಲ ಎಂದು ತಿಳಿಯಬೇಕು. ಮೈಶಾಖ 40 ಡಿಗ್ರಿ ದಾಟುವುದು, ಹಿಂಗಾಲು ತೂರಾಡುವುದು, ಬೆವರುತ್ತಿದ್ದ ಮೈ ಬಿಸಿಲಲ್ಲೇ ಒಣಗಿಬಿಡುವುದು ಮುಂದಿನ ಹಂತ. ಬೆವರು ನಿಂತಿತೆಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ; ಅದು ಎಲ್ಲಕ್ಕಿಂತ ಕೆಟ್ಟ ಗುರುತು.

ಮಾಡಬೇಕಾದದ್ದು:

1. ಹೇರು, ಜೀನು, ಲಗಾಮು, ಅಲಂಕಾರ ಎಲ್ಲವನ್ನೂ ಕೂಡಲೇ ಕಳಚಿ ನೆರಳಿಗೆ, ಗಾಳಿ ಬರುವ ಕಡೆಗೆ ತರಬೇಕು.

2. ಸಿಕ್ಕ ತಣ್ಣೀರನ್ನು ಮೈಯೆಲ್ಲ ತೋಯುವಂತೆ, ಕುತ್ತಿಗೆ, ಎದೆ, ಬೆನ್ನು, ತೊಡೆಗಳ ಮೇಲೆ ಎಡೆಬಿಡದೆ ಸುರಿಯಬೇಕು. ಬಿಸಿಯಾದ ಮೈಗೆ ತಣ್ಣೀರು ಬಿದ್ದರೆ ಸ್ನಾಯು ಹಿಡಿದುಕೊಳ್ಳುತ್ತದೆ ಎಂಬ ಹಳೆಯ ಹೆದರಿಕೆಗೆ ಆಧಾರವಿಲ್ಲ. ಬಿಸಿನಾಡುಗಳ ಕುದುರೆ ಸ್ಪರ್ಧೆಗಳಲ್ಲಿ ಐಸ್ ಹಾಕಿದ ನೀರನ್ನೇ ಸುರಿಯುತ್ತಾರೆ.

3. ನೀರು ಕಡಿಮೆಯಿದ್ದರೆ ಸುರಿದು, ಮೈಮೇಲೆ ಬೆಚ್ಚಗಾದ ನೀರನ್ನು ಅಂಗೈಯಿಂದ ಸವರಿ ಇಳಿಸಿ, ಮತ್ತೆ ಸುರಿಯಬೇಕು. ಒದ್ದೆ ಗೋಣಿತಾಟು ಹೊದಿಸಬಾರದು. ಅದರಡಿ ಹಬೆ ಕಟ್ಟಿ ಮೈ ಇನ್ನಷ್ಟು ಕಾಯುತ್ತದೆ.

4. ಕುಡಿಯಲು ನೀರು ಇಡಬೇಕು. ಒಂದು ಪಾತ್ರೆಯಲ್ಲಿ ಬರೀ ನೀರು, ಇನ್ನೊಂದರಲ್ಲಿ ತುಸು ಉಪ್ಪು ಬೆರೆಸಿದ ನೀರು. ಉಪ್ಪುನೀರೊಂದನ್ನೇ ಇಟ್ಟು ಒತ್ತಾಯ ಮಾಡಬಾರದು. ಬಾಯಿಗೆ ಸುರಿಯಲೂಬಾರದು.

5. ಅರ್ಧ ತಾಸಿನಲ್ಲಿ ಉಸಿರು, ನಾಡಿ ಇಳಿಯದಿದ್ದರೆ ವೈದ್ಯರನ್ನು ಕರೆಸಬೇಕು. ತೂರಾಡುತ್ತಿದ್ದರೆ ಅಥವಾ ಬೆವರು ನಿಂತಿದ್ದರೆ ಅಷ್ಟೂ ಕಾಯುವಂತಿಲ್ಲ.

ಕಾನೂನಿನಲ್ಲೂ ಇದಕ್ಕೆ ಮಿತಿಯಿದೆ. ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮಗಳ ಪ್ರಕಾರ ಶಾಖ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಪ್ರಾಣಿಯನ್ನು ದುಡಿಸುವಂತಿಲ್ಲ. ಯಾದಗಿರಿಯ ಮಟ್ಟಿಗೆ ಇದರರ್ಥ ಬೇಸಿಗೆ ಪೂರ್ತಿ ನಡುಹಗಲು ಬಿಡುವು. ದಿನಕ್ಕೆ ಒಟ್ಟು ಒಂಬತ್ತು ತಾಸು, ಬಿಡುವಿಲ್ಲದೆ ಐದು ತಾಸು ಮೀರಬಾರದೆಂದೂ ಅದೇ ನಿಯಮ ಹೇಳುತ್ತದೆ.

ಮೆರವಣಿಗೆಯ ಕುದುರೆ

ಮದುಮಗನನ್ನು ಹೊತ್ತ ಕುದುರೆ ಬ್ಯಾಂಡಿನ ಮುಂದೆ ಕಾಲೆತ್ತಿ ಕುಣಿಯುತ್ತಿದ್ದರೆ ಜನ ಸಿಳ್ಳೆ ಹೊಡೆಯುತ್ತಾರೆ. ಆ ಕುಣಿತವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ತಲೆ ಮೇಲೆತ್ತಿ ಬೆನ್ನು ಕುಸಿದಿದೆಯೇ, ಕಣ್ಣಿನ ಬಿಳಿಭಾಗ ಕಾಣುತ್ತಿದೆಯೇ, ಬಾಲ ಚಾಟಿಯಂತೆ ಬೀಸುತ್ತಿದೆಯೇ, ಕಡಿವಾಣದ ಸುತ್ತ ಬಾಯಿ ಅಗಲವಾಗಿ ತೆರೆದಿದೆಯೇ, ಲದ್ದಿ ಸಡಿಲವಾಗಿ ಮತ್ತೆ ಮತ್ತೆ ಬೀಳುತ್ತಿದೆಯೇ? ಇವು ಹುರುಪಿನ ಗುರುತುಗಳಲ್ಲ. ತುಟಿಯ ಅಂಚಿಗೆ ತೆಳುವಾಗಿ ಬಿಳಿ ಲಾಲಾರಸ ಇರುವುದರಿಂದ ಹೆದರಬೇಕಿಲ್ಲ. ಕೆಂಪು ಛಾಯೆಯ ನೊರೆ ಕಂಡರೆ ಬಾಯೊಳಗೆ ಗಾಯವಾಗಿದೆ ಎಂದು ಅರ್ಥ. ಮುಳ್ಳು, ಗಂಟು ಇರುವ ಕಡಿವಾಣವನ್ನು 1965ರ ನಿಯಮಗಳೇ ನಿಷೇಧಿಸಿವೆ.

ಕುದುರೆಗೆ ಮೆರವಣಿಗೆ ಏಕೆ ಕಷ್ಟವೆಂಬುದು ಅದರ ಕಣ್ಣು ಕಿವಿಗಳ ರಚನೆಯಿಂದ ತಿಳಿಯುತ್ತದೆ. ತಲೆಯ ಎರಡು ಪಕ್ಕಕ್ಕೆ ಕಣ್ಣಿರುವುದರಿಂದ ಸುತ್ತಲಿನ ಬಹುಭಾಗ ಒಟ್ಟಿಗೆ ಕಾಣುತ್ತದೆ. ಮೂಗಿನ ಎದುರಿನ ಸ್ವಲ್ಪ ಜಾಗ ಮತ್ತು ನೇರ ಬೆನ್ನ ಹಿಂದಿನ ಜಾಗ ಮಾತ್ರ ಕುರುಡು. ಮಕ್ಕಳು ಹಿಂದಿನಿಂದ ಬಾಲ ಮುಟ್ಟಿದಾಗ ಅದು ಒದೆಯುವುದು ಕಾಣದ ವಸ್ತುವಿಗೆ ಹೆದರಿ. ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ಮನುಷ್ಯನ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಜನರೇಟರ್ ದೀಪಗಳ ನಡುವಿನಿಂದ ಕತ್ತಲ ಓಣಿಗೆ ತಿರುಗಿದೊಡನೆ ಅದು ನಿಂತುಬಿಡುವುದು ಇದಕ್ಕೇ. ಇನ್ನು ಡಿಜೆ ಡಬ್ಬಿಗಳ ಎದೆ ನಡುಗಿಸುವ ಸದ್ದು ಮತ್ತು ಪಟಾಕಿ. ಓಡುವುದೇ ರಕ್ಷಣೆಯಾಗಿರುವ ಪ್ರಾಣಿಯನ್ನು ಓಡಲಾಗದಂತೆ ಹಿಡಿದು ಇವುಗಳ ನಡುವೆ ನಿಲ್ಲಿಸಲಾಗುತ್ತದೆ.

ಕುದುರೆ ಕರೆಸುವ ಮನೆಯವರು ನೋಡಿಕೊಳ್ಳಬೇಕಾದದ್ದು ಹೆಚ್ಚೇನಿಲ್ಲ. ಡಬ್ಬಿಗಳ ಗಾಡಿ ಮತ್ತು ಕುದುರೆಯ ನಡುವೆ ಸಾಕಷ್ಟು ದೂರವಿರಬೇಕು, ಪಟಾಕಿಯನ್ನು ಕುದುರೆ ಹೋದ ಮೇಲೆ ಹಚ್ಚಬೇಕು, ಹಿಂದೆ ಯಾರೂ ಇರಬಾರದು, ಮದುಮಗನ ಜೊತೆ ಎರಡು ಮಕ್ಕಳನ್ನು ಹತ್ತಿಸುವ ಉತ್ಸಾಹ ಬೇಡ. ಒಂದು ತಾಸಿಗಿಂತ ಹೆಚ್ಚು ನಿಲ್ಲಿಸದೆ ನೀರಿಗೆ ಬಿಡಬೇಕು. ಬಾಡಿಗೆ ಗೊತ್ತುಮಾಡುವಾಗಲೇ ಕುದುರೆಯ ಬೆನ್ನು, ಬಾಯಿ, ಕಾಲು ನೋಡುವುದು ಸರಿಯಾದ ಕ್ರಮ; ಗಾಯವಿರುವ ಕುದುರೆ ಬೇಡವೆಂದು ನಾಲ್ಕು ಮನೆಯವರು ಹೇಳಿದರೆ ಮಾಲೀಕ ಗಾಯ ಮಾಯುವವರೆಗೆ ಕಾಯುತ್ತಾನೆ.

ಇಷ್ಟೆಲ್ಲ ಗದ್ದಲದಲ್ಲೂ ಕಲ್ಲಿನಂತೆ ನಿಂತಿರುವ ಕುದುರೆಯನ್ನು ಸಾಧು ಎಂದು ಮೆಚ್ಚುವುದುಂಟು. ಪಳಗಿದ ಕುದುರೆ ಸುಮ್ಮನಿದ್ದರೂ ಕಿವಿ ತಿರುಗಿಸುತ್ತದೆ, ಹೆಸರು ಹಿಡಿದು ಕರೆದರೆ ನೋಡುತ್ತದೆ. ಕಿವಿಯೂ ಆಡದೆ, ಕಣ್ಣು ಎಲ್ಲೋ ನೆಟ್ಟು, ಮುಟ್ಟಿದರೂ ಮಿಡುಕದಿದ್ದರೆ ಅದು ಸಾಧುತನವಲ್ಲ. ಎಷ್ಟು ಹೇಳಿದರೂ ಕೇಳುವವರಿಲ್ಲವೆಂದು ಕುದುರೆ ಹೇಳುವುದನ್ನೇ ಬಿಟ್ಟಿರುತ್ತದೆ. ಒದೆಯುವ ಕುದುರೆಗಿಂತ ಇದರ ಸ್ಥಿತಿ ಹೆಚ್ಚು ಚಿಂತೆಯದು.

ಹೇರು, ಬೆನ್ನು, ಗೊರಸು

ಕುರಿಗಾರರ ತಟ್ಟಿನ ಬೆನ್ನ ಮೇಲೆ ಸಂಸಾರವೇ ಸಾಗುತ್ತದೆ: ಪಾತ್ರೆ, ಹಿಟ್ಟಿನ ಚೀಲ, ಕಂಬಳಿ, ರಾತ್ರಿ ಹಿಂಡು ತರುಬುವ ಬಲೆ, ಅದರ ಮೇಲೆ ಆ ದಿನ ಹುಟ್ಟಿದ ಮರಿಗಳು. ತಟ್ಟಿಗೆ ಕಾನೂನು ಇಟ್ಟಿರುವ ಮಿತಿ 70 ಕಿಲೊ. ತೂಕಕ್ಕಿಂತಲೂ ಹೆಚ್ಚು ಕಾಡುವುದು ತೂಕದ ಓರೆ. ಒಂದು ಪಕ್ಕದ ಚೀಲ ಭಾರವಾದರೆ ಹೇರು ಜಾರಿ ಬೆನ್ನೆಲುಬಿನ ಮೇಲೇ ಕೂರುತ್ತದೆ. ಎರಡು ಪಕ್ಕದ ಚೀಲಗಳನ್ನು ಕೈಯಲ್ಲಿ ತೂಗಿ ನೋಡಿ ಸಮ ಮಾಡುವುದು, ಬೆನ್ನೆಲುಬಿನ ಸಾಲಿಗೆ ಏನೂ ತಾಗದಂತೆ ಇಕ್ಕೆಲದಲ್ಲಿ ದಪ್ಪ ಮೆತ್ತೆ ಹಾಕುವುದು, ಇಷ್ಟರಲ್ಲೇ ಅರ್ಧ ಬೆನ್ನುಗಾಯ ತಪ್ಪುತ್ತದೆ.

ಬೆನ್ನು ಮಾತಾಡುವ ರೀತಿ ಬಲು ಸ್ಪಷ್ಟ. ಹೇರು ಇಳಿಸಿದ ಕೂಡಲೇ ಬೆನ್ನು ನೋಡಬೇಕು. ಸುತ್ತಲೂ ಬೆವರಿನಿಂದ ಒದ್ದೆಯಾಗಿ, ನಡುವೆ ಅಂಗೈಯಷ್ಟು ಜಾಗ ಒಣಗಿದ್ದರೆ ಅಲ್ಲಿ ಬೆವರಗ್ರಂಥಿಗಳು ಕೆಲಸ ಮಾಡಲಾಗದಷ್ಟು ಒತ್ತಡ ಬಿದ್ದಿದೆ. ಗಾಯ ಮುಂದೆ ಆಗುವುದು ಅಲ್ಲೇ. ಕಂದು ಅಥವಾ ಕಪ್ಪು ಕುದುರೆಯ ಬೆನ್ನಿನ ಮೇಲೆ ಬಿಳಿಗೂದಲಿನ ಮಚ್ಚೆಗಳಿದ್ದರೆ ಅವು ಹುಟ್ಟುಮಚ್ಚೆಯಾಗಿರುವುದು ಅಪರೂಪ. ಹಿಂದೊಮ್ಮೆ ಒತ್ತಡದಿಂದ ಕೂದಲಿನ ಬೇರಿನಲ್ಲಿ ಬಣ್ಣ ಸತ್ತ ಗುರುತು. ಕುದುರೆ ಕೊಳ್ಳುವವರು ಹಲ್ಲು ನೋಡುವ ಮೊದಲು ಈ ಮಚ್ಚೆ ನೋಡುವುದು ಮೇಲು. ಬೆನ್ನೆಲುಬಿನ ಎರಡೂ ಪಕ್ಕ ಬೆರಳ ತುದಿಯಿಂದ ಒತ್ತುತ್ತ ಹೋದಾಗ ಕುದುರೆ ತಟ್ಟನೆ ಬೆನ್ನು ಕುಸಿಸಿದರೆ, ತಿರುಗಿ ಕಚ್ಚಲು ಬಂದರೆ ಆ ಜಾಗದಲ್ಲಿ ನೋವಿದೆ. ಹೇರು ತಂದೊಡನೆ ಪಕ್ಕಕ್ಕೆ ಸರಿಯುವ, ಹೊಟ್ಟೆಪಟ್ಟಿ ಬಿಗಿಯುವಾಗ ಹಲ್ಲು ಕಡಿಯುವ ಕುದುರೆ ಸೋಮಾರಿಯಲ್ಲ, ನೆನಪಿರುವ ಕುದುರೆ.

ಮೇಯಲು ಬಿಡುವಾಗ ಮುಂಗಾಲು ಕಟ್ಟುವ ಹಗ್ಗ ನೈಲಾನಿನದಾದರೆ ಗೊರಸಿನ ಮೇಲಿನ ಚರ್ಮ ಕೊರೆಯುತ್ತದೆ. ಹತ್ತಿಯ ಅಗಲಪಟ್ಟಿ ವಾಸಿ, ಅದನ್ನೂ ದಿನಾ ಬಿಚ್ಚಿ ನೋಡಬೇಕು. ಮಳೆಗಾಲದಲ್ಲಿ ಎರೆಮಣ್ಣು ಗೊರಸಿನ ತಳಕ್ಕೆ ಮೆತ್ತಿ ಒಳಗೆ ಕಲ್ಲು ಹಿಡಿದುಕೊಳ್ಳುತ್ತದೆ. ಸಂಜೆ ಕೆರೆದು ತೆಗೆಯದಿದ್ದರೆ ಕೊಳೆತು ನಾರುತ್ತದೆ. ಕುಂಟುವ ಕುದುರೆಯ ತಲೆ ನೋಡಿದರೆ ಕಾಲು ಗೊತ್ತಾಗುತ್ತದೆ: ನೋಯುವ ಮುಂಗಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ತಾಗುವಾಗ ಇಳಿಯುತ್ತದೆ.

ಹೊಟ್ಟೆನೋವು: ಕಾಯಲಾಗದ ಸಂಕಟ

ಕುದುರೆಗಳ ಸಾವಿಗೆ ದೊಡ್ಡ ಕಾರಣಗಳಲ್ಲಿ ಹೊಟ್ಟೆಶೂಲೆ ಒಂದು. ಅದರ ಜಠರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ಅನ್ನನಾಳ ಜಠರಕ್ಕೆ ಸೇರುವಲ್ಲಿ ಬಲವಾದ ಕವಾಟವಿರುವುದರಿಂದ ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದೆಯೇ ಸಾಗಬೇಕು, ಇಲ್ಲವೆ ಅಲ್ಲೇ ಉಬ್ಬಬೇಕು. ಆಮ್ಲ ಮಾತ್ರ ಮೇವು ಇರಲಿ ಬಿಡಲಿ ಸುರಿಯುತ್ತಲೇ ಇರುತ್ತದೆ. ಹಾಗಾಗಿ ಬೆಳಗ್ಗೆ ಸಂಜೆ ಎರಡು ಹೊತ್ತು ಎತ್ತಿಗೆ ಹಾಕಿದಂತೆ ಮೇವು ಹಾಕುವ ಪದ್ಧತಿ ಕುದುರೆಗೆ ಒಗ್ಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ದಿನವಿಡೀ ನಾರಿನ ಮೇವು ಸಿಗಬೇಕು.

ಗುರುತುಗಳು: ಮೇವು ಬಿಡುವುದು, ತಿರುಗಿ ತಿರುಗಿ ಪಕ್ಕೆ ನೋಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಮೇಲ್ತುಟಿ ಸುರುಳಿ ಸುತ್ತುವುದು, ಮೂತ್ರಕ್ಕೆ ನಿಂತಂತೆ ಮೈ ಚಾಚುವುದು, ಮಲಗಿ ಏಳುವುದು, ಹೊರಳಾಡುವುದು, ಲದ್ದಿ ನಿಲ್ಲುವುದು. ದಿನಕ್ಕೆ ಎಂಟು ಹತ್ತು ಸಲ ಲದ್ದಿ ಹಾಕುವ ಪ್ರಾಣಿ ಅರ್ಧ ದಿನ ಹಾಕಲಿಲ್ಲವೆಂದರೆ ಅದಷ್ಟೇ ಸಾಕು, ಬೇರೆ ಲಕ್ಷಣ ಬೇಕಿಲ್ಲ.

1. ಮೇವು ತೆಗೆದುಬಿಡಬೇಕು, ನೀರು ಇರಲಿ.
2. ನಾಡಿ, ಉಸಿರು, ಒಸಡು ನೋಡಿ ಸಮಯದೊಂದಿಗೆ ಬರೆದಿಟ್ಟುಕೊಳ್ಳಬೇಕು. ನಾಡಿ 60 ದಾಟಿದರೆ ತುರ್ತು.
3. ಕೂಡಲೇ ವೈದ್ಯರನ್ನು ಕರೆಯಬೇಕು.
4. ಹೊರಳಾಡುತ್ತಿದ್ದರೆ ಮೆಲ್ಲಗೆ ನಡೆಸಬಹುದು. ಸುಮ್ಮನೆ ಮಲಗಿದ್ದರೆ ಎಬ್ಬಿಸಿ ತಾಸುಗಟ್ಟಲೆ ನಡೆಸಿ ದಣಿಸಬಾರದು.
5. ಬಾಟಲಿಯಿಂದ ಎಣ್ಣೆ, ಸೋಡಾ, ಕಷಾಯ ಯಾವುದನ್ನೂ ಬಾಯಿಗೆ ಸುರಿಯಬಾರದು. ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆನೋವಿಗಿಂತ ಮೊದಲು ಅದೇ ಕೊಲ್ಲುತ್ತದೆ. ಮನುಷ್ಯರ ನೋವಿನ ಮಾತ್ರೆಯೂ ಬೇಡ.

ಸುಗ್ಗಿಯ ಕಾಲದಲ್ಲಿ ವಿಶೇಷ ಎಚ್ಚರ ಬೇಕು. ಕುರಿ ತರುಬಿದ ಹೊಲದಲ್ಲಿ, ಜೋಳದ ಕಣದ ಬದಿಯಲ್ಲಿ, ಕಾಲುವೆ ಕೆಳಗಿನ ಭತ್ತದ ರಾಶಿಯ ಹತ್ತಿರ ಬಿಚ್ಚಿಕೊಂಡ ತಟ್ಟು ರಾತ್ರೋರಾತ್ರಿ ಕಾಳು ತಿಂದರೆ ಶೂಲೆ ಬರಬಹುದು; ಅದಾದ ಒಂದೆರಡು ದಿನಕ್ಕೆ ಗೊರಸಿನ ಒಳಪದರವೇ ಉರಿಯಬಹುದು. ಆಗ ಕುದುರೆ ಮುಂಗಾಲುಗಳನ್ನು ಮುಂದೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಕೆಂಡದ ಮೇಲೆ ನಿಂತಂತೆ ನಿಲ್ಲುತ್ತದೆ. ಗೊರಸು ಮುಟ್ಟಿದರೆ ಬಿಸಿ. ಹೆಚ್ಚು ಕಾಳು ತಿಂದದ್ದು ಗೊತ್ತಾದ ಕೂಡಲೇ, ಕುಂಟುವ ಮೊದಲೇ, ವೈದ್ಯರನ್ನು ಕಾಣಬೇಕು. ಕೋಳಿ ಅಥವಾ ದನದ ತಯಾರಿ ಮೇವನ್ನು ಕುದುರೆಗೆ ಹಾಕುವುದೂ ಅಪಾಯ. ಅವುಗಳಲ್ಲಿ ಕೆಲವಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯಕ್ಕೆ ವಿಷ.

ಒತ್ತಡವೆಂದು ತಪ್ಪು ತಿಳಿಯುವ ರೋಗಗಳು

ಮೊಳೆ ಚುಚ್ಚಿದ ಕೆಲವು ದಿನಗಳ ಮೇಲೆ ಕುದುರೆ ಕಿವಿ ನೆಟ್ಟಗೆ ಮಾಡಿ, ಬಾಲ ಎತ್ತಿ, ಮರದ ಕುದುರೆಯಂತೆ ಬಿಗಿದು ನಿಂತರೆ, ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆ ಮೇಲೆ ಸರಿದರೆ ಅದು ಧನುರ್ವಾಯು. ಸಾಕುಪ್ರಾಣಿಗಳಲ್ಲಿ ಈ ರೋಗಕ್ಕೆ ಅತಿ ಬೇಗ ತುತ್ತಾಗುವುದು ಕುದುರೆಯೇ. ಲಸಿಕೆ ಇದೆ, ಹಾಕಿಸಬೇಕು. ಮಳೆಗಾಲದ ನಂತರ ಕುರುಡುನೊಣಗಳ ಕಾಟವಿರುವ ಕಡೆ, ಮೇಯುತ್ತಿದ್ದರೂ ಸೊರಗುತ್ತ, ಬಿಟ್ಟು ಬಿಟ್ಟು ಜ್ವರ ಬರುತ್ತ, ಹೊಟ್ಟೆಯಡಿ ಮತ್ತು ಕಾಲುಗಳಲ್ಲಿ ಬಾವು ಕಂಡರೆ ಸರ್ರಾ ರೋಗದ ಶಂಕೆ. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಮೂಗಿನಿಂದ ಹಳದಿ ಹಸಿರು ಸಿಂಬಳ ಬಂದು, ಮೈಮೇಲೆ ಗಂಟು ಎದ್ದು ಒಡೆದು ಹುಣ್ಣಾದರೆ ಗ್ಲ್ಯಾಂಡರ್ಸ್ ಇರಬಹುದು. ಇದು ಮನುಷ್ಯರಿಗೂ ಹರಡುವ, ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ರೋಗ. ಅಂಥ ಕುದುರೆಯ ಹತ್ತಿರ ಬರಿಗೈಯಲ್ಲಿ ಹೋಗದೆ ಬೇರೆ ಕಟ್ಟಿ ಪಶು ಆಸ್ಪತ್ರೆಗೆ ತಿಳಿಸಬೇಕು. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ನಡೆಯುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬೆವರಿದ ಕುದುರೆಗೆ ನೀರು ಕುಡಿಸಬಾರದೆಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ನೀರು ತಡೆಯುವುದರಿಂದಲೇ ಹಾನಿ ಹೆಚ್ಚು. ದಣಿದ ಕೂಡಲೇ ಕುಡಿಯಲು ಬಿಟ್ಟರೆ ತೊಂದರೆಯಿಲ್ಲ. ಕಾಳು ಮಾತ್ರ ಮೈ ಆರಿದ ಮೇಲೆ. ಎರಡನೆಯ ತಪ್ಪು, ಮೇವು ಉಗುಳುವ ಕುದುರೆಗೆ ಮೇವನ್ನೇ ಬದಲಿಸುತ್ತ ಹೋಗುವುದು. ಜಗಿದ ಕಣಿಕೆ ಉಂಡೆಯಾಗಿ ಬಾಯಿಂದ ಬೀಳುತ್ತಿದ್ದರೆ ದೋಷ ಕಣಿಕೆಯದಲ್ಲ, ಹಲ್ಲಿನದು. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊರೆಯುತ್ತಿರುತ್ತದೆ, ವೈದ್ಯರು ಉಜ್ಜಿ ಸರಿಮಾಡುತ್ತಾರೆ. ಗೂಟಕ್ಕೆ ಕಟ್ಟಿದಲ್ಲೇ ಅತ್ತಿತ್ತ ತೂಗುವ, ಮರ ಕಚ್ಚಿ ಗಾಳಿ ನುಂಗುವ ಕುದುರೆಗೆ ಹೊಡೆಯುವುದು ಇನ್ನೊಂದು ತಪ್ಪು. ಅದು ಕೆಟ್ಟ ಚಾಳಿಯಲ್ಲ. ಒಂಟಿತನ, ನಾರಿನ ಮೇವಿನ ಕೊರತೆ, ದಿನವಿಡೀ ಕಟ್ಟಿರುವುದು ಇವುಗಳಿಂದ ಬರುವಂಥದ್ದು. ಪಕ್ಕದಲ್ಲಿ ಇನ್ನೊಂದು ಕುದುರೆ ಕಾಣುವಂತೆ ಕಟ್ಟಿ, ಮೇವು ಹೆಚ್ಚಿಸಿ, ತಿರುಗಾಡಲು ಬಿಟ್ಟರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗದಿರಬಹುದು. ಕತ್ತೆಗಳ ವಿಷಯದಲ್ಲಿ ಮೇಲಿನ ಎಲ್ಲವೂ ಅನ್ವಯಿಸುತ್ತದೆ, ಆದರೆ ಕತ್ತೆ ಕುದುರೆಗಿಂತಲೂ ಹೆಚ್ಚು ಮುಚ್ಚಿಡುತ್ತದೆ. ಮಂಕಾಗಿ ಮೇವು ಬಿಟ್ಟ ಕತ್ತೆಯನ್ನು ತುರ್ತೆಂದೇ ನೋಡಬೇಕು.

ವೈದ್ಯರಿಗೆ ಏನು ಹೇಳಬೇಕು

ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು, ಕರೆ ಉಚಿತ. ಸ್ಥಳೀಯವಾಗಿ ಬಗೆಹರಿಯದಿದ್ದರೆ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜು ಆಸ್ಪತ್ರೆ ಇದೆ. ಇಲ್ಲಿನ ವೈದ್ಯರ ಕೈಗೆ ದಿನವೂ ಬರುವುದು ದನ, ಎಮ್ಮೆ, ಕುರಿಗಳೇ ಆದ್ದರಿಂದ ಕುದುರೆಯ ಮಟ್ಟಿಗೆ ಮಾಲೀಕ ಕೊಡುವ ವಿವರಕ್ಕೆ ಬೆಲೆ ಹೆಚ್ಚು. ಕರೆ ಮಾಡುವ ಮೊದಲು ಕೈಯಲ್ಲಿರಬೇಕಾದದ್ದು: ವಯಸ್ಸು, ಗಂಡೋ ಹೆಣ್ಣೋ, ಹೆಣ್ಣಾದರೆ ಗಬ್ಬವಿದೆಯೇ, ಯಾವಾಗಿನಿಂದ ವ್ಯತ್ಯಾಸ ಕಂಡಿತು, ಕೊನೆಯ ಸಲ ಮೇವು, ನೀರು, ಲದ್ದಿ, ಮೂತ್ರ ಯಾವಾಗ, ಹಿಂದಿನ ಎರಡು ದಿನಗಳಲ್ಲಿ ಮೇವು, ಕೆಲಸ, ಸ್ಥಳ ಬದಲಾಗಿದೆಯೇ, ನಾಡಿ, ಉಸಿರು, ಮೈಶಾಖದ ಎಣಿಕೆ, ಒಸಡಿನ ಬಣ್ಣ, ಈಗಾಗಲೇ ಏನಾದರೂ ಔಷಧ ಕೊಟ್ಟಿದ್ದರೆ ಅದರ ಹೆಸರು. ಮೊಬೈಲಿನ ಚಿತ್ರೀಕರಣ ಕಳುಹಿಸಿದರೆ ಒಳ್ಳೆಯದು. ಕುರಿ ಹಿಂಡಿನ ಸಂಗಡ ಅಡವಿಯಲ್ಲಿ ಬೀಡು ಬಿಟ್ಟವರು ಹತ್ತಿರದ ಹಳ್ಳಿಯ ಹೆಸರಿನ ಜೊತೆಗೆ ವಾಹನ ಬರುವ ದಾರಿಯನ್ನೂ ಹೇಳಿ, ಒಬ್ಬರನ್ನು ಡಾಂಬರು ರಸ್ತೆಗೆ ಕಳುಹಿಸಿ ನಿಲ್ಲಿಸಬೇಕು.